ಗಿರಣಿ ಚರ್ಚಿನ ಪುಸ್ತಕದಲ್ಲಿ ಇಲ್ಲದ ಮದುವೆ

ಪ್ಯಾರಿಷ್ ಕಚೇರಿ
ಜೂನ್ ೧೧, ಮಂಗಳವಾರ

ರೀ,

ಮೊದಲು ‘ಮಾನ್ಯರೇ’ ಎಂದು ಶುರು ಮಾಡಿದ್ದೆ, ಯಾಕೆಂದರೆ ನಿಮ್ಮ ಪತ್ರವೂ ಹಾಗೇ ಶುರುವಾಗಿದೆ. ಅದನ್ನು ಹರಿದು ‘ಪ್ರೀತಿಯ’ ಎಂದು ಬರೆದೆ; ಅದರ ಮುಂದೆ ಏನು ಬರೆಯಬೇಕೆಂದು ತೋಚಲಿಲ್ಲ. ಮೂರನೇ ಹಾಳೆಗೆ ಬರುವಷ್ಟರಲ್ಲಿ, ಅಡುಗೆಮನೆಯಿಂದ ಕೂಗುತ್ತಿದ್ದೆನಲ್ಲ, ಅದೇ ವಾಸಿ ಅನ್ನಿಸಿತು. ಈಗಲೂ ಹಾಗೆ ಕೂಗಿದರೆ ನೀವು ತಿರುಗಿ ನೋಡುತ್ತೀರೋ ಇಲ್ಲವೋ ಗೊತ್ತಿಲ್ಲ.

ನಿಮ್ಮ ಪತ್ರ ಗುರುವಾರ ಬಂತು. ‘ಪ್ಯಾರಿಷ್ ಕಚೇರಿ’ ಎಂದಷ್ಟೇ ವಿಳಾಸ. ಇಲ್ಲಿಗೆ ಬರುವ ಲಕೋಟೆಗಳನ್ನು ಒಡೆಯುವುದು ನನ್ನ ಕೆಲಸ ಎಂಬುದು ನಿಮಗೆ ತಿಳಿದಿರಲಾರದು. ನೀವು ಹೋದ ಮರುವರ್ಷ ಗಿರಣಿಯ ಶಾಲೆ ಮುಚ್ಚಿತು, ಟೀಚರ್ ಕೆಲಸ ಹೋಯಿತು, ನಮ್ಮ ಮೂರು ಚರ್ಚುಗಳ ಪುಸ್ತಕಗಳನ್ನೂ ಇಟ್ಟಿರುವ ಈ ಕಚೇರಿಯಲ್ಲಿ ಗುಮಾಸ್ತೆಯಾಗಿ ಸೇರಿದೆ. ಹನ್ನೊಂದು ವರ್ಷವಾಯಿತು. ಲಕೋಟೆಯ ಮೇಲಿನ ಅಕ್ಷರ ನೋಡಿದ ಕೂಡಲೇ ನಿಮ್ಮದೆಂದು ತಿಳಿಯಿತು. ಮಗ್ಗದ ಫಿಟ್ಟರುಗಳೆಲ್ಲ ಹೀಗೇ ಬರೆಯುತ್ತಾರೋ ನೀವೊಬ್ಬರೇನೋ, ಒಂದೊಂದು ಅಕ್ಷರವನ್ನೂ ಸ್ಪ್ಯಾನರ್ ಹಾಕಿ ಬಿಗಿದ ಹಾಗೆ.

ಒಳಗೆ ನೀವು ಬರೆದದ್ದು ನಾಲ್ಕೇ ಸಾಲು: ನನಗೆ ಮಗುವಾಗಿದ್ದಾಗ ಗಿರಣಿ ಚರ್ಚಿನಲ್ಲಿ ಜ್ಞಾನಸ್ನಾನವಾಗಿದೆ, ಅದರ ಸರ್ಟಿಫಿಕೇಟ್ ಬೇಕು, ಹಳೆಯದು ನಡೆಯುವುದಿಲ್ಲವಂತೆ, ಹೊಸದಾಗಿ ಬರೆದುಕೊಟ್ಟದ್ದೇ ಆಗಬೇಕಂತೆ, ದಯವಿಟ್ಟು ಬೇಗ ಕಳಿಸಿ. ಯಾಕೆ ಬೇಕು ಎಂಬುದಕ್ಕೆ ಒಂದು ಮಾತಿಲ್ಲ. ಅಲ್ಲ, ಕಚೇರಿಗೆ ಬರೆಯುವವರು ಕಾರಣ ಬರೆಯಬೇಕು ಅನ್ನುವಷ್ಟೂ ಗೊತ್ತಾಗಬೇಡವೇ?

ಹೊಸದು ಯಾಕೆ ಬೇಕಾಗುತ್ತದೆ ಎಂಬುದು ಈ ಕುರ್ಚಿಯಲ್ಲಿ ಕೂತವಳಿಗೆ ಚೆನ್ನಾಗಿ ಗೊತ್ತು. ಜ್ಞಾನಸ್ನಾನದ ರಿಜಿಸ್ಟರಿನಲ್ಲಿ ಪ್ರತಿ ಮಗುವಿನ ಹೆಸರಿನ ಪಕ್ಕ ನಾಲ್ಕು ಬೆರಳು ಅಗಲದ ಅಂಚು ಬಿಟ್ಟಿರುತ್ತಾರೆ. ಆ ಮಗು ದೊಡ್ಡದಾಗಿ ಪ್ರಪಂಚದ ಯಾವ ಮೂಲೆಯ ಚರ್ಚಿನಲ್ಲಿ ಮದುವೆಯಾಗಲಿ, ಅಲ್ಲಿಯ ಫಾದರ್ ಜ್ಞಾನಸ್ನಾನವಾದ ಚರ್ಚಿಗೆ ಒಂದು ಚೀಟಿ ಕಳಿಸಬೇಕು. ಇಲ್ಲಿಯವರು ಅದನ್ನು ನೋಡಿ, ಇಂಥ ದಿನ ಇಂಥವರೊಡನೆ ಮದುವೆಯಾಯಿತು ಎಂದು ಅಂಚಿನಲ್ಲಿ ಬರೆದುಕೊಳ್ಳಬೇಕು. ಆಮೇಲೆ ಯಾವತ್ತು ಸರ್ಟಿಫಿಕೇಟ್ ತೆಗೆದರೂ ಅಂಚಿನ ಆ ಮಾತು ಅದರೊಳಗೆ ಬಂದೇ ಬರುತ್ತದೆ. ಅದಕ್ಕೇ ಮದುವೆಗೆ ನಿಂತವರ ಹತ್ತಿರ ಆರು ತಿಂಗಳೊಳಗಿನದನ್ನು ಕೇಳುವುದು. ಈಗಾಗಲೇ ಮದುವೆಯಾಗಿದೆಯೋ ಇಲ್ಲವೋ ನೋಡುವುದಕ್ಕೆ.

ಅಂದರೆ ನೀವು ಮದುವೆಯಾಗುತ್ತಿದ್ದೀರಿ. ಅಥವಾ ಆಗುತ್ತಿಲ್ಲ. ಯಾರದೋ ಮಗುವಿನ ಜ್ಞಾನಸ್ನಾನದಲ್ಲಿ ಜ್ಞಾನಪಿತನಾಗಿ ನಿಲ್ಲುವುದಕ್ಕೂ ಕೆಲವು ಕಡೆ ಇದನ್ನೇ ಕೇಳುತ್ತಾರೆ. ಆದರೆ ನನ್ನ ತಲೆಗೆ ಮೊದಲು ಬಂದದ್ದು ಮದುವೆ. ಐದು ದಿನದಿಂದ ಅಲ್ಲಿಂದ ಹೊರಡುತ್ತಲೇ ಇಲ್ಲ. ಹೆಂಡತಿ ಇಲ್ಲಿ ಬದುಕಿರುವಾಗ ಚರ್ಚಿನಲ್ಲಿ ಇನ್ನೊಂದು ಮದುವೆ ಹೇಗಾಗುತ್ತದೆ ಎಂದು ಯಾರಾದರೂ ಕೇಳಿಯಾರು. ಆಗುತ್ತಿತ್ತು, ಮಹರಾಯರೇ, ಆಗುತ್ತಿತ್ತು! ನಿಮ್ಮ ಅಂಚು ಖಾಲಿಯಿತ್ತು.

ಇದನ್ನು ಹೇಳಬೇಕಾದರೆ ನಮ್ಮ ಚರ್ಚುಗಳ ಕಥೆಯನ್ನೇ ಹೇಳಬೇಕು. ಬಿಷಪ್ಪರ ಅಪ್ಪಣೆಯಾಗಿದೆ, ಗಿರಣಿ ಚರ್ಚು, ಫೌಂಡ್ರಿ ಚರ್ಚು, ರೈಲ್ವೆ ಚರ್ಚು ಮೂರೂ ಬರುವ ತಿಂಗಳಿಂದ ಒಂದೇ ಧರ್ಮಕೇಂದ್ರ. ಗಿರಣಿ ಹೋಯಿತು, ಫೌಂಡ್ರಿ ಹೋಯಿತು, ರೈಲ್ವೆ ವರ್ಕ್‌ಶಾಪಿನಲ್ಲಿ ಕಾಲುಪಾಲು ಜನವೂ ಇಲ್ಲ. ಮೂರು ಪೂಜೆಗೂ ಸೇರಿ ನೂರೈವತ್ತು ಜನ ಬಂದರೆ ಹೆಚ್ಚು. ಗಿರಣಿ ಚರ್ಚು ದೊಡ್ಡದು ಅಂತ ಅದು ಉಳಿಯುತ್ತದೆ. ನಾನು ಹುಟ್ಟಿ ಬೆಳೆದ ಫೌಂಡ್ರಿ ಚರ್ಚಿಗೆ ಬೀಗ. ಒಂದಾಗುವ ದಿನ ಹಂಚುವುದಕ್ಕೆ ಮೂರು ಚರ್ಚಿನ ಇತಿಹಾಸ ಬರೆದುಕೊಡಿ ಎಂದು ನಮ್ಮ ಹೊಸ ಫಾದರ್ ನನಗೆ ಹೇಳಿದರು. ವಯಸ್ಸು ಮೂವತ್ತೆರಡು, ಎಲ್ಲದಕ್ಕೂ ಉತ್ಸಾಹ. ಮೂವತ್ತೆರಡು ಪುಟದ ಪುಸ್ತಕ ಸಾಕು, ಚೆನ್ನಾಗಿರೋದನ್ನೆಲ್ಲ ಹಾಕಿ, ಜಗಳ ಗಿಗಳ ಬೇಡ ಎಂದರು. ಜಗಳ ಬಿಟ್ಟರೆ ಎಂಟು ಪುಟವೂ ಆಗುವುದಿಲ್ಲ ಎಂದೆ. ಅವರು ನಕ್ಕರು, ನಾನು ತಮಾಷೆ ಮಾಡಿದೆ ಎಂದುಕೊಂಡು.

ಚೆನ್ನಾಗಿರುವುದೂ ಉಂಟು. ನೀವು ಪ್ರತಿ ಭಾನುವಾರ ಒರಗಿ ನಿಲ್ಲುತ್ತಿದ್ದ ಕಬ್ಬಿಣದ ಕಂಬಗಳಿವೆಯಲ್ಲ, ಅವು ಮಗ್ಗದ ಶೆಡ್ಡಿಗೆ ತರಿಸಿ ಮಿಕ್ಕಿದ್ದವಂತೆ. ಹತ್ತಿಯ ನವಿರು ಒಳಗೆ ಹಾರಿ ಬರಬಾರದೆಂದು ಕಿಟಕಿಗಳನ್ನು ಎರಡು ಆಳೆತ್ತರದಲ್ಲಿ ಇಟ್ಟರಂತೆ. ಪೂಜೆಯ ಹೊತ್ತನ್ನು ಪಾಳಿಯ ಸೈರನ್ ನೋಡಿ ಗೊತ್ತುಮಾಡುತ್ತಿದ್ದರು. ಫಾದರ್ ಉಪದೇಶ ಉದ್ದವಾದರೆ ಅರ್ಧ ಚರ್ಚು ಎದ್ದು ಕೆಲಸಕ್ಕೆ ನಡೆಯುತ್ತಿತ್ತು. ನಮ್ಮ ಫೌಂಡ್ರಿ ಚರ್ಚಿನ ನೆಲಕ್ಕೆ ಹಾಸಿದ್ದು ನಮ್ಮಪ್ಪನಂಥವರು ಬಿಡುವಿನಲ್ಲಿ ಅಚ್ಚು ಹೊಯ್ದು ಎರೆದ ಕಬ್ಬಿಣದ ಬಿಲ್ಲೆಗಳು. ರೈಲ್ವೆಯವರು ಮುರಿದುಹಾಕುವ ಬೋಗಿಯ ಬೆಂಚುಗಳನ್ನೇ ತಂದು ಸಾಲಾಗಿ ಇಟ್ಟರು. ಅಲ್ಲಿ ಕೂತರೆ ಇನ್ನೇನು ಗಾಡಿ ಹೊರಡುತ್ತದೆ ಅನ್ನಿಸುತ್ತದೆ. ಇದನ್ನೆಲ್ಲ ಬರೆಯುವಾಗ ಖುಷಿಯಾಗಿದ್ದೆ, ಸುಳ್ಳು ಯಾಕೆ ಹೇಳಲಿ.

ತೊಡಕು ಶುರುವಾದದ್ದು ಹೋದ ತಿಂಗಳು. ಗಿರಣಿ ಕಡೆಯವರೂ ಫೌಂಡ್ರಿ ಕಡೆಯವರೂ ಎಷ್ಟು ಬೆರೆತಿದ್ದರು ಎಂದು ಒಂದು ಪುಟ ಬರೆಯೋಣ ಎಂದು ಎರಡೂ ಚರ್ಚಿನ ಪುಸ್ತಕಗಳನ್ನು ಪಕ್ಕಪಕ್ಕ ಇಟ್ಟುಕೊಂಡು ಕೂತೆ. ಫೌಂಡ್ರಿ ಚರ್ಚಿನಲ್ಲಿ ನಡೆದ ಮದುವೆಗಳನ್ನು ಒಂದೊಂದಾಗಿ ಗಿರಣಿ ಚರ್ಚಿನ ಅಂಚುಗಳಲ್ಲಿ ಹುಡುಕುತ್ತಾ ಹೋದೆ. ಸಿಗುತ್ತಾ ಇದ್ದವು. ಒಂದು ಇಸವಿಯಿಂದ ಮುಂದಕ್ಕೆ ಸಿಗಲಿಲ್ಲ. ಒಂದೂ ಇಲ್ಲ. ಒಂಬತ್ತು ವರ್ಷ ಪೂರ್ತಿ ಖಾಲಿ, ಆಮೇಲೆ ಮತ್ತೆ ಶುರು. ಲೆಕ್ಕ ಹಾಕಿದರೆ ಅರವತ್ತೆರಡು ಮದುವೆ. ಗಂಡು ಗಿರಣಿ ಚರ್ಚಿನವನು, ಹೆಣ್ಣು ಫೌಂಡ್ರಿ ಚರ್ಚಿನವಳು, ತಾಳೆ ನೋಡಿದ ಒಂದೊಂದೂ ಹಾಗೇ. ಅದರಲ್ಲಿ ನಲವತ್ತೊಂದನೆಯದು ನಮ್ಮದು.

ಮೂರು ಚರ್ಚಿನ ಬೀಗದ ಕೈಗಳನ್ನೂ ಸೊಂಟಕ್ಕೆ ಸಿಕ್ಕಿಸಿಕೊಂಡು ಓಡಾಡುವ ಕೀಲಿಕೈ ಮಾಮನನ್ನು ಕೇಳಿದೆ. ನಿಮಗೆ ನೆನಪಿದ್ದಾರಲ್ಲ, ಈಗ ಎಂಬತ್ತು ದಾಟಿದೆ. ಅವರು ಸ್ವಲ್ಪ ಹೊತ್ತು ಕೆಮ್ಮಿ, ಅಯ್ಯೋ ಅದಾ, ಅದು ನಶ್ಯದ ಫಾದರ್‌ಗೂ ಗುಡುಗು ಫಾದರ್‌ಗೂ ಬೀದಿ ಜಗಳ ಕಣಮ್ಮಾ ಎಂದರು. ನಶ್ಯದ ಫಾದರ್ ಎಂದರೆ ಆಗ ಗಿರಣಿ ಚರ್ಚಿನಲ್ಲಿದ್ದವರು, ಗುಡುಗು ಫಾದರ್ ನಮ್ಮ ಫೌಂಡ್ರಿ ಚರ್ಚಿನವರು. ಕಾರ್ಮಿಕರ ಹೊಸ ಕ್ವಾರ್ಟರ್ಸ್ ಕಟ್ಟಿದಾಗ ಎರಡು ಚರ್ಚಿನ ಗಡಿ ಆ ಬೀದಿಯ ನಟ್ಟನಡುವೆ ಬಂತು. ಬೀದಿ ನನ್ನದು ಎಂದು ಇವರು, ನನ್ನದು ಎಂದು ಅವರು. ಅಲ್ಲಿಯ ಹುಡುಗಿಯರ ಮದುವೆಯನ್ನು ಗುಡುಗು ಫಾದರ್ ತಮ್ಮ ಚರ್ಚಿನಲ್ಲೇ ಮಾಡಿಸಿ, ನಿಯಮದಂತೆ ಚೀಟಿ ಕಳಿಸುತ್ತಿದ್ದರಂತೆ. ನನ್ನ ಹಕ್ಕಿನ ಮದುವೆ ಅವರು ಮಾಡಿಸಿ ನನಗೆ ಚೀಟಿ ಬೇರೆ ಕಳಿಸ್ತಾರಾ, ನಾನು ಒಡೆದೂ ನೋಡಲ್ಲ ಎಂದು ನಶ್ಯದ ಫಾದರ್ ಶಪಥ ಮಾಡಿದರಂತೆ. ಆ ಬೀದಿಯದು ಮಾತ್ರ ಅಲ್ಲ, ವರ್ಗವಾಗಿ ಹೋಗುವವರೆಗೂ ಫೌಂಡ್ರಿ ಚರ್ಚಿನ ಮೊಹರು ಕಂಡ ಯಾವ ಲಕೋಟೆಯನ್ನೂ ಒಡೆಯಲಿಲ್ಲ.

ಹಾಗಾದರೆ ಆ ಚೀಟಿಗಳೆಲ್ಲ ಎಲ್ಲಿ ಎಂದೆ. ಮಾಮ ನನ್ನನ್ನು ಗಿರಣಿ ಚರ್ಚಿನ ಪೂಜೆಬಟ್ಟೆಗಳ ಕೋಣೆಗೆ ಕರೆದುಕೊಂಡು ಹೋದರು. ಬೀರುವಿನ ಕೆಳಖಾನೆಯಲ್ಲಿ, ಯಾರೂ ತೊಡದ ಹಳೆಯ ನಿಲುವಂಗಿಗಳ ಅಡಿಯಲ್ಲಿ, ಮೇಣದಬತ್ತಿ ತುಂಬಿ ಬರುವ ಒಂದು ರಟ್ಟಿನ ಡಬ್ಬ. ಒಳಗೆ ಅರವತ್ತೆರಡು ಲಕೋಟೆ. ಅಂಟು ಬಿಚ್ಚಿರಲಿಲ್ಲ. ಹರಿದು ಹಾಕುವುದಕ್ಕೆ ಅವರಿಗೂ ದೇವರ ಭಯವಿತ್ತೇನೋ. ಆ ಕೋಣೆಯ ನೆಲದ ಮೇಲೆ ಕೂತು ನಗಲೋ ಅಳಲೋ ಗೊತ್ತಾಗದೆ ಸುಮಾರು ಹೊತ್ತು ಕೂತಿದ್ದೆ. ಮಾಮ ನೀರು ತಂದುಕೊಟ್ಟರು.

ಹೊಸ ಫಾದರ್‌ಗೆ ಹೇಳಿದಾಗ ಮೊದಲು ಹೊಟ್ಟೆ ಹಿಡಿದುಕೊಂಡು ನಕ್ಕರು, ಆಮೇಲೆ ಮುಖ ಬಿಳಿಚಿಕೊಂಡಿತು. ಮದುವೆಗಳೇನೋ ಆಗಿವೆ, ಫೌಂಡ್ರಿ ಚರ್ಚಿನ ಮದುವೆ ಪುಸ್ತಕದಲ್ಲಿ ಎಲ್ಲ ಸರಿಯಾಗಿದೆ, ಆದರೆ ಅಂಚು ಖಾಲಿಯಿದ್ದರೆ ನಾಳೆ ಯಾರಿಗಾದರೂ ಸುಳ್ಳು ಸರ್ಟಿಫಿಕೇಟ್ ಕೊಟ್ಟಂತಾಗುತ್ತದೆ, ಒಂದಾಗುವ ದಿನದೊಳಗೆ ಎಲ್ಲ ಬರೆದುಬಿಡಿ, ನಾನು ಸಹಿ ಹಾಕುತ್ತೇನೆ ಎಂದರು. ಸುದ್ದಿ ಮಾತ್ರ ಮಾಮನ ಬಾಯಿಂದ ಊರು ತುಂಬಿತು. ಬೇಕರಿಯವನ ಹೆಂಡತಿ ಗಂಡನಿಗೆ, ಇಪ್ಪತ್ತೈದು ವರ್ಷದಿಂದ ಯಾವನೋ ಗುರುತಿಲ್ಲದವನ ಬಟ್ಟೆ ಒಗೆದುಕೊಂಡು ಬಂದಿದೀನಲ್ಲ ಎಂದಳಂತೆ. ಅವನು, ಹಂಗಾದ್ರೆ ಇವತ್ತಿಂದ ಬಿಡುಗಡೆನಾ ಎಂದು ಕೇಳಿ ಏಟು ತಿಂದನಂತೆ. ರಿಟೈರಾದ ಕ್ರೇನ್ ಡ್ರೈವರ್ ಒಬ್ಬರು ಹೆಂಡತಿಯ ಕೈ ಹಿಡಿದುಕೊಂಡು ಇಲ್ಲಿಗೇ ಬಂದು, ನಮ್ಮೆದುರಿಗೇ ಬರೀರಿ ಟೀಚರಮ್ಮಾ, ನೋಡ್ಬೇಕು ಎಂದರು. ಬರೆದೆ. ಇಬ್ಬರೂ ಹೊಸ ಮದುಮಕ್ಕಳ ಹಾಗೆ ನಾಚಿಕೊಂಡು ಹೋದರು. ಆ ದಿನ ಮನೆಗೆ ಹೋಗಿ ಊಟ ಮಾಡಲಿಲ್ಲ.

ಅರವತ್ತೊಂದು ಬರೆದೆ. ನಮ್ಮದನ್ನು ಬಿಟ್ಟೆ. ನಾಳೆ ಬರೆದರಾಯಿತು ಎಂದು ಒಂದು ವಾರ ತಳ್ಳಿದೆ. ಹೊಸ ಫಾದರ್‌ಗೆ ಗೊತ್ತಾಗಿತ್ತು, ಆದರೆ ಕೇಳಲಿಲ್ಲ. ಅಷ್ಟರಲ್ಲಿ ನಿಮ್ಮ ಪತ್ರ.

ನನ್ನ ಸ್ಥಿತಿ ಸ್ವಲ್ಪ ಯೋಚಿಸಿ. ಒಂದು ಸಾಲು ಬರೆದರೆ ನಿಮ್ಮ ಮದುವೆ ನಿಲ್ಲುತ್ತದೆ, ಮದುವೆ ಎಂಬುದೊಂದು ಇದ್ದರೆ. ಬರೆಯದಿದ್ದರೆ ನೀವು ಮದುವೆಯೇ ಆಗದ ಗಂಡಸು, ಐವತ್ತಮೂರು ವರ್ಷದ ಬ್ರಹ್ಮಚಾರಿ. ಎರಡಕ್ಕೂ ಪೆನ್ನು ನನ್ನ ಕೈಯಲ್ಲಿ. ಶುಕ್ರವಾರ ಬೆಳಿಗ್ಗೆ, ಬರೆಯದೆ ಸರ್ಟಿಫಿಕೇಟ್ ಕಳಿಸಿಬಿಡೋಣ, ಎಲ್ಲಾದರೂ ಸುಖವಾಗಿರಲಿ ಎಂದುಕೊಂಡೆ. ಮಧ್ಯಾಹ್ನದ ಹೊತ್ತಿಗೆ, ಯಾಕೆ ಕಳಿಸಬೇಕು, ನನ್ನ ಹನ್ನೆರಡು ವರ್ಷಕ್ಕೆ ಯಾರು ಜವಾಬ್ದಾರಿ ಎಂದುಕೊಂಡೆ. ಶನಿವಾರ ಇದರ ತಿರುವುಮುರುವು. ಭಾನುವಾರ ಪೂಜೆಯಲ್ಲಿ ಎಲ್ಲರೂ ಮೊಣಕಾಲೂರಿದಾಗ ನಾನೊಬ್ಬಳೇ ನಿಂತುಕೊಂಡಿದ್ದೆನಂತೆ. ಪಕ್ಕದವರು ಸೆರಗು ಜಗ್ಗಿ ಕೂರಿಸಿದರು. ನಿಮ್ಮ ಮೇಲೆ ನನಗಿರುವುದು ಕೋಪವೋ, ಬೇರೇನೋ, ನನಗೇ ಬಗೆಹರಿಯುತ್ತಿಲ್ಲ.

ನೀವು ಬಿಟ್ಟುಹೋದಿರಿ ಎಂದೇ ನಾನು ಎಲ್ಲರಿಗೂ ಹೇಳಿರುವುದು. ಕೇಳುವವರಿಗೂ ಅದು ಸುಲಭ. ಗಿರಣಿ ಮುಚ್ಚಿತು, ಬಂದರಿನ ವರ್ಕ್‌ಶಾಪಿನಲ್ಲಿ ಕೆಲಸ ಸಿಕ್ಕಿತು, ಹೋದರು, ಮತ್ತೆ ಬರಲಿಲ್ಲ. ಇದರಲ್ಲಿ ಸುಳ್ಳಿಲ್ಲ. ಆದರೆ ನೀವು ನನ್ನನ್ನು ಕರೆದಿರಿ ಎಂಬುದನ್ನು ಯಾರಿಗೂ ಹೇಳಲಿಲ್ಲ. ಮೊದಲ ಪತ್ರದಲ್ಲಿ, ಊಟ ಸೇರುತ್ತಿಲ್ಲ, ಬಂದುಬಿಡು ಎಂದಿದ್ದಿರಿ. ನಮ್ಮಮ್ಮನಿಗೆ ಮಂಡಿನೋವು, ಸ್ವಲ್ಪ ತಡೆಯಿರಿ ಎಂದು ಬರೆದೆ. ಎರಡನೆಯದರಲ್ಲಿ ಎರಡು ಕೋಣೆಯ ಮನೆ ನೋಡಿದ್ದೇನೆ ಎಂದಿದ್ದಿರಿ. ಹೊಸ ಕೆಲಸಕ್ಕೆ ಸೇರಿದ್ದೇನೆ, ರಜೆ ಸಿಗುವುದಿಲ್ಲ ಎಂದು ಬರೆದೆ. ಅದೂ ನಿಜವೇ, ಆದರೆ ಯಾವ ಕೆಲಸ ಎಂದು ಬರೆಯಲಿಲ್ಲ, ಬಂದ ಮೇಲೆ ಹೇಳಿದರಾಯಿತು ಎಂದುಕೊಂಡೆ. ಮೂರನೆಯದಕ್ಕೆ ಉತ್ತರ ಬರೆಯಲಿಲ್ಲ. ನೀವೂ ಮತ್ತೆ ಬರೆಯಲಿಲ್ಲ. ನಿಮ್ಮಮ್ಮ ತೀರಿಕೊಂಡಾಗ ಬಂದಿರಿ, ಕೈಮುಗಿದು ಮಾತಾಡಿಸಿದಿರಿ, ನಾನು ನೆಂಟರ ಹಾಗೆ ಹಿಂದಿನ ಸಾಲಿನಲ್ಲಿ ನಿಂತಿದ್ದು ಹೊರಟುಬಂದೆ. ಮಕ್ಕಳಿದ್ದಿದ್ದರೆ ಯಾರಾದರೂ ಒಬ್ಬರು ನಮ್ಮ ಕಿವಿ ಹಿಂಡುತ್ತಿದ್ದರು.

ನಿಮ್ಮಮ್ಮನ ಮಾತು ಬಂದದ್ದಕ್ಕೆ ಹೇಳುತ್ತೇನೆ. ಅತ್ತೆಗೆ ನಾನು ಕೊನೆಯವರೆಗೂ ಮಸಿ ಕೈಯವರ ಮಗಳು. ಮಗ ಫೌಂಡ್ರಿ ಕಡೆಯಿಂದ ಹೆಣ್ಣು ತಂದನೆಂದು ಮದುವೆ ದಿನವೂ ಮುಖ ಸಿಂಡರಿಸಿಕೊಂಡೇ ಇದ್ದರು. ಗಿರಣಿ ಚರ್ಚಿನ ಪೀಠದ ಬಟ್ಟೆಗಳನ್ನು ಒಗೆದು ಇಸ್ತ್ರಿ ಮಾಡುತ್ತಿದ್ದವರು ಅವರೇ ಅಲ್ಲವೇ, ನಶ್ಯದ ಫಾದರ್ ಅವರ ಮಾತು ಮೀರುತ್ತಿರಲಿಲ್ಲ. ಆದರೂ ಈಗ ನೋಡಿದರೆ, ಈ ವಿಷಯದಲ್ಲಿ ಪಾಪ, ಅವರ ಕೈವಾಡ ಏನೂ ಇರಲಿಲ್ಲ. ಇಬ್ಬರು ಪಾದ್ರಿಗಳು ಒಂದು ಬೀದಿಗೆ ಜಗಳವಾಡಿದರು, ಅಷ್ಟೇ.

ನಿನ್ನೆ ಸಂಜೆ ಹೊಸ ಫಾದರ್‌ಗೆ ನಿಮ್ಮ ಪತ್ರ ತೋರಿಸಿದೆ. ಓದಿ ಮಡಿಸಿಟ್ಟರು. ಅಂಚು ಇರೋದು ನಮ್ಮ ಆಸೆ ಬರಿಯೋಕಲ್ಲ ಟೀಚರ್, ಆಗಿದ್ದನ್ನ ಬರಿಯೋಕೆ ಎಂದರು. ರಿಜಿಸ್ಟರನ್ನು ನನ್ನ ಕಡೆ ಸರಿಸಿ, ನೀವು ಬರೀತೀರಾ ನಾನು ಬರೀಲಾ ಎಂದು ಮೆಲ್ಲಗೆ ಕೇಳಿದರು. ನಾನೇ ಬರೆಯುತ್ತೇನೆ ಎಂದೆ.

ಇವತ್ತು ಬೆಳಿಗ್ಗೆ ಬರೆದೆ. ಡಬ್ಬದಿಂದ ನಮ್ಮ ಲಕೋಟೆ ತೆಗೆದು ಒಡೆದೆ. ಗುಡುಗು ಫಾದರ್ ದೊಡ್ಡ ದೊಡ್ಡ ಅಕ್ಷರದಲ್ಲಿ ನಿಮ್ಮ ಹೆಸರು, ನನ್ನ ಹೆಸರು, ತಾರೀಕು, ಇಬ್ಬರು ಸಾಕ್ಷಿಗಳು ಎಲ್ಲ ಬರೆದಿದ್ದಾರೆ. ಅದನ್ನು ನೋಡಿಕೊಂಡು ನಿಮ್ಮ ಹೆಸರಿನ ಪಕ್ಕ ಎರಡು ಸಾಲು ಬರೆದೆ. ಇಪ್ಪತ್ತನಾಲ್ಕು ವರ್ಷ ತಡವಾಗಿ. ಒಂದು ಕಡೆ ಶಾಯಿ ಹರಡಿದೆ, ಕ್ಷಮಿಸಿ. ಸರ್ಟಿಫಿಕೇಟ್ ಇದರ ಜೊತೆಗಿದೆ. ಅದರಲ್ಲಿ ನೀವು ಮದುವೆಯಾದವರು. ಇದರಿಂದ ಯಾರಿಗಾದರೂ ಅಲ್ಲಿ ನಿರಾಸೆಯಾಗುವುದಿದ್ದರೆ ಅವರಿಗೆ ನನ್ನ ಪರವಾಗಿ ಏನು ಹೇಳಬೇಕೋ ನನಗೆ ತಿಳಿಯದು. ಯಾರೂ ಇಲ್ಲದಿದ್ದರೆ, ಮಗುವಿಗೆ ಜ್ಞಾನಪಿತನಾಗುವುದಿದ್ದರೆ, ಇದು ಸಾಕು. ನಾನು ಬರೆದದ್ದು ಸತ್ಯವನ್ನು ಎಂಬುದೊಂದೇ ಸಮಾಧಾನ. ಆಸೆಯೂ ಅದೇ ಆಗಿತ್ತೇ ಎಂದು ಕೇಳಿದರೆ ಏನು ಹೇಳಲಿ, ಅದೂ ಇತ್ತು.

ಊಟ ಹೊತ್ತುಹೊತ್ತಿಗೆ ಮಾಡಿ.

ಇಂತಿ,
ರಿಜಿಸ್ಟರಿನ ಪ್ರಕಾರ ಇವತ್ತು ಬೆಳಿಗ್ಗೆಯಿಂದ
ನಿಮ್ಮ ಹೆಂಡತಿ

ತಾ.ಕ.: ಅಂಟು ಹಚ್ಚುವ ಮೊದಲು ಇದನ್ನು ಬರೆಯದಿದ್ದರೆ ಮೇಲಿನದೆಲ್ಲ ಅರ್ಧ ಸುಳ್ಳು. ನಿಮ್ಮ ಅಂಚು ಖಾಲಿಯಿರುವುದನ್ನು ನಾನು ಹೋದ ತಿಂಗಳು ನೋಡಿದ್ದಲ್ಲ. ಹನ್ನೊಂದು ವರ್ಷದ ಹಿಂದೆ, ಕೆಲಸಕ್ಕೆ ಸೇರಿ ಒಂದು ತಿಂಗಳೂ ಆಗಿರಲಿಲ್ಲ, ನಿಮ್ಮ ನೆನಪಾಗಿ ಸುಮ್ಮನೆ ನಿಮ್ಮ ಹೆಸರು ನೋಡೋಣ ಎಂದು ಆ ಪುಟ ತೆರೆದಿದ್ದೆ. ಫೌಂಡ್ರಿ ಚರ್ಚಿನ ಪುಸ್ತಕದಲ್ಲಿ ನನ್ನ ಹೆಸರಿನ ಪಕ್ಕ ನೀವಿದ್ದಿರಿ. ನಿಮ್ಮ ಹೆಸರಿನ ಪಕ್ಕ ನಾನಿರಲಿಲ್ಲ. ಬೇರೆಯವರ ಅಂಚುಗಳನ್ನು ನೋಡಬೇಕು ಅನ್ನಿಸಲಿಲ್ಲ; ಮದುವೆಯಾದವರು ಜ್ಞಾನಸ್ನಾನದ ಸರ್ಟಿಫಿಕೇಟ್ ಕೇಳಿ ಇಲ್ಲಿಗೆ ಬರುವುದೇ ಅಪರೂಪವಾದ್ದರಿಂದ ಅವು ಕಣ್ಣಿಗೂ ಬೀಳಲಿಲ್ಲ. ನಿಮ್ಮಮ್ಮನೂ ನೀವೂ ಸೇರಿ ಫಾದರ್‌ಗೆ ಹೇಳಿ ಬರೆಸದೆ ಇಟ್ಟಿದ್ದೀರಿ, ಬೇಕೆಂದಾಗ ಕಳಚಿಕೊಳ್ಳುವುದಕ್ಕೆ ಎಂದು ತೀರ್ಮಾನಿಸಿದೆ. ನಿಮ್ಮನ್ನು ಒಂದು ಮಾತು ಕೇಳಲಿಲ್ಲ. ಅದೇ ವಾರ ನಿಮ್ಮ ಮೂರನೇ ಪತ್ರ ಬಂತು. ಅದಕ್ಕೆ ಉತ್ತರ ಬರೆಯಲಿಲ್ಲ ಎಂದೆನಲ್ಲ, ಹೇಗೆ ಬರೆಯಲಿ, ನಾನು ಅದನ್ನು ಒಡೆದೇ ಇಲ್ಲ. ಇವತ್ತಿಗೂ ಇಲ್ಲ. ನನ್ನ ಸೀರೆಗಳ ಅಡಿಯಲ್ಲಿ ಇದೆ. ಅದರಲ್ಲಿ ಏನು ಬರೆದಿದ್ದಿರೋ, ಈಗ ಓದಬಹುದೋ, ಅಥವಾ ನೀವೇ ವಾಪಸು ತೆಗೆದುಕೊಳ್ಳುತ್ತೀರೋ, ತಿಳಿಸಿ. ನೀವು ಹೇಳುವವರೆಗೆ ಮುಟ್ಟುವುದಿಲ್ಲ.